ಸದ್ದಿಲ್ಲದ ಕೋಣೆಯ ಸಿಸ್ಟರ್

ಅವರು ನಡೆದು ಬರುವ ಸದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಆ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪಾದದ ಹೊರ ಅಂಚನ್ನು ಮೊದಲು ಊರಿ, ಆಮೇಲೆ ಹಿಮ್ಮಡಿ ಇಳಿಸಿ ನಡೆಯುತ್ತಿದ್ದರು. ಬಂದಿದ್ದಾರೆಂದು ತಿಳಿಯುತ್ತಿದ್ದುದು ಒಗೆದ ಬಟ್ಟೆಯ ಗಂಜಿಯ ವಾಸನೆಯಿಂದ.

ಹೋದ ತಿಂಗಳು ಅವರು ಲಿಂಗೈಕ್ಯರಾದರು. ಹೆಸರು ಬರೆಯುವುದಿಲ್ಲ. ಆಸ್ಪತ್ರೆ ಯಾವುದೆಂದೂ ಹೇಳುವುದಿಲ್ಲ. ಅವರ ಜೀವನ ಪೂರ್ತಿಯಾಗಿ ನನಗೆ ಗೊತ್ತೂ ಇಲ್ಲ. ನಂಜನಗೂಡಿನ ಕಡೆಯವರು, ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡವರು, ಮನೆಯವರ ಮಾತು ಮೀರಿ ನರ್ಸಿನ ಕೆಲಸ ಕಲಿತವರು ಎಂದು ಬೇರೆಯವರಿಂದ ಕೇಳಿದ್ದೆ. ನಾನು ಕಣ್ಣಾರೆ ಕಂಡದ್ದು ಒಂದು ಕೋಣೆಯಲ್ಲಿ ಅವರು ಮಾಡಿದ ಕೆಲಸವನ್ನು. ಅದೇ ಕೋಣೆಯಲ್ಲಿ ನಾನು ಒಂದು ತಪ್ಪು ಮಾಡಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆಯಲು ನನಗೆ ಬರುವುದಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಸರ್ಕಾರದ ಕಚೇರಿಯೊಂದರಲ್ಲಿ ರಸ್ತೆ, ಮೋರಿಗಳ ನಕ್ಷೆ ಬರೆಯುತ್ತಿದ್ದೆ. ವಿದ್ಯಾರಣ್ಯಪುರದಲ್ಲಿ ಬಾಡಿಗೆ ಮನೆ. ಮದುವೆಯಾಗಿ ಮೂರು ವರ್ಷ. ಮನೆ ಯಜಮಾನರ ಕೊಟ್ಟಿಗೆಯಿಂದ ಸಗಣಿ ತರಲು ಹೋದಾಗ ನನ್ನ ಹೆಂಡತಿಯ ಅಂಗಾಲಿಗೆ ಮೊಳೆ ಚುಚ್ಚಿತು. ಅರಿಸಿನ, ಸುಣ್ಣ ಕಲಸಿ ಹಚ್ಚಿದಳು. ಗಾಯ ಒಣಗಿತು. ಎಂಟು ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ, ದವಡೆ ಹಿಡಿದುಕೊಂಡಿದೆ, ರೊಟ್ಟಿ ಅಗಿಯಲು ಆಗುತ್ತಿಲ್ಲ ಎಂದಳು. "ಒಳ್ಳೇದಾಯ್ತು ಬಿಡು, ಒಂದಿನ ಮನೇಲಿ ಸದ್ದಿರಲ್ಲ" ಎಂದು ನಗೆಯಾಡಿ ಕಚೇರಿಗೆ ಹೋದೆ. ಸಂಜೆ ಬರುವ ಹೊತ್ತಿಗೆ ಅವಳ ಕತ್ತು ಹಿಂದಕ್ಕೆ ಸೆಟೆದಿತ್ತು. ಅಂದೇ ಆಸ್ಪತ್ರೆಗೆ ಸೇರಿಸಿದೆ.

ಧನುರ್ವಾಯು ಎಂಬ ಹೆಸರನ್ನು ಯಾರು ಇಟ್ಟರೋ, ಕಣ್ಣಿಂದ ನೋಡಿ ಇಟ್ಟಿದ್ದಾರೆ. ಬಾಗಿಲು ಬಡಿದರೆ, ಬೆಳಕು ಬಿದ್ದರೆ, ಯಾರಾದರೂ ಮಂಚಕ್ಕೆ ತಗುಲಿದರೆ ಸಾಕು, ಬೆನ್ನು ಬಿಲ್ಲಿನ ಹಾಗೆ ಮೇಲೇಳುತ್ತದೆ, ಉಸಿರು ಕಟ್ಟುತ್ತದೆ. ಒಂದೊಂದು ಸೆಳೆತವೂ ಕೊನೆಯದಾಗಬಹುದು. ಆಗ ಈಗಿನಷ್ಟು ಮದ್ದು ಇರಲಿಲ್ಲ. ನಂಜು ಮುರಿಯುವ ಸೀರಮ್ಮಿನ ಚುಚ್ಚುಮದ್ದು, ಮಂಪರು ಬರಿಸುವ ಔಷಧಿ ಇದ್ದವು. ಉಳಿದದ್ದೆಲ್ಲ ಕತ್ತಲೆ, ಮೌನ ಮತ್ತು ನೋಡಿಕೊಳ್ಳುವವರ ಕೈ. ವಾರ್ಡಿನ ತುದಿಯಲ್ಲಿ ಅದಕ್ಕೆಂದೇ ಒಂದು ಕೋಣೆಯಿತ್ತು. ಕಿಟಕಿಗೆ ಕರಿ ಬಟ್ಟೆ, ನೆಲಕ್ಕೆ ಗೋಣಿತಾಟು. ಹಗಲಿನಲ್ಲೂ ಅಲ್ಲಿ ಮನುಷ್ಯರ ಮುಖ ಕಾಣಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ಮೊದಲ ದಿನ ನಾನು ಕಂಡದ್ದು ಬಳೆಯ ಜಗಳ. ಸೆಳೆತ ಬಂದಾಗ ಗಾಜಿನ ಬಳೆ ಒಡೆದು ಚುಚ್ಚುತ್ತವೆ, ಸದ್ದೂ ಆಗುತ್ತದೆ, ತೆಗೆಯಬೇಕು ಎಂದು ಒಬ್ಬ ಕಾಂಪೌಂಡರು ಹೇಳಿದರು. ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಾಗಿಲಿಗೆ ಅಡ್ಡ ನಿಂತರು.

"ಮುತ್ತೈದೆ ಕೈ ಬರಿದು ಮಾಡಕ್ಕೆ ನೀನ್ಯಾವನಪ್ಪ? ನಮ್ಮುಡ್ಗಿ ಬದುಕವ್ಳೆ ಇನ್ನೂ!"

ಸಿಸ್ಟರು ಹೊರಗೆ ಬಂದರು. ಆಗ ಅವರಿಗೆ ಮೂವತ್ತೈದರ ಆಸುಪಾಸು. ಗಿಡ್ಡ ಆಳು, ಅಗಲ ಮುಖ, ಹಣೆಯಲ್ಲಿ ಇದ್ದೂ ಇಲ್ಲದ ಹಾಗೆ ವಿಭೂತಿ. ಅತ್ತೆಯ ಮೊಣಕೈ ಹಿಡಿದು ಪಿಸುಮಾತಿನಲ್ಲಿ, "ತೆಗಿಯೋದು ಬೇಡ ಕಣವ್ವ. ನಾನು ಸುತ್ತುತೀನಿ" ಎಂದರು.

ಮದ್ದು ಹಿಡಿದು ಮೈ ಸಡಿಲವಾದ ಮೇಲೆ ಎರಡು ಕೈಯ ಬಳೆಗಳಿಗೂ ಅರಳೆ ಇಟ್ಟು, ಮೇಲೆ ಬ್ಯಾಂಡೇಜು ಬಟ್ಟೆ ಸುತ್ತಿದರು. ಒಂದೊಂದು ಬಳೆಯ ನಡುವೆಯೂ ಅರಳೆ. ಅದಕ್ಕೆ ಹಿಡಿದ ಹೊತ್ತು ಬಹಳ. ಕಾಂಪೌಂಡರು ಗೊಣಗಿದರು. "ಬಳೆ ಒಡೆದ್ರೆ ಎರಡು ನಿಮಿಷದ ಕೆಲ್ಸ ಸಿಸ್ಟರ್."

"ಹೌದು. ಎದ್ದ ಮೇಲೆ ಅವಳು ಕೈ ನೋಡ್ಕೊಳ್ತಾಳಲ್ಲ, ಅದಕ್ಕೆ ಎಷ್ಟು ನಿಮಿಷ?"

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಅವರ ಕೆಲಸದ ಕ್ರಮ ಅರ್ಥವಾಗಲು ಎರಡು ದಿನ ಹಿಡಿಯಿತು. ಆಗಾಗ ಒಳಗೆ ಬಂದು ಒಂದೊಂದು ಕೆಲಸ ಮಾಡಿ ಹೋಗುತ್ತಿರಲಿಲ್ಲ. ಮದ್ದು ಕೊಟ್ಟು, ಅದು ಹಿಡಿಯುವವರೆಗೆ ಕಾದು, ಎಲ್ಲವನ್ನೂ ಒಂದೇ ಸಲಕ್ಕೆ ಮಾಡುತ್ತಿದ್ದರು. ಮೂಗಿನಲ್ಲಿ ಇಳಿಸಿದ ರಬ್ಬರ್ ನಳಿಗೆಯಿಂದ ಹಾಲು, ಗಂಜಿ ತಿಳಿ ಕೊಡುವುದು, ಕಾಲಲ್ಲಿ ಒತ್ತುವ ಪಂಪಿನಿಂದ ಗಂಟಲ ಕಫ ತೆಗೆಯುವುದು, ಬೆನ್ನು ಒರೆಸುವುದು, ಮಗ್ಗುಲು ತಿರುಗಿಸುವುದು. ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಅದಕ್ಕೂ ಮೊದಲು ಹೇಳುತ್ತಿದ್ದರು: "ಈಗ ಎಡಗೈ ಹಿಡೀತೀನಿ ಕಣಮ್ಮ." ಹಿಡಿದಾದ ಮೇಲೆ, "ಇನ್ನು ಭುಜ." ಅವಳು ಉತ್ತರ ಕೊಡುವಂತಿರಲಿಲ್ಲ. ದವಡೆ ಕಚ್ಚಿಕೊಂಡಿತ್ತು, ಕಿವಿಯಲ್ಲಿ ಹತ್ತಿ.

"ಹತ್ತಿ ಇಟ್ಟಿದ್ದೀರಲ್ಲ, ಕೇಳಿಸುತ್ತಾ?" ಎಂದು ಒಮ್ಮೆ ಕೇಳಿದೆ.

"ಹತ್ತಿರದಿಂದ ಮೆತ್ತಗೆ ಹೇಳಿದ್ರೆ ಕೇಳಿಸುತ್ತೆ. ಈ ಕಾಯಿಲೆ ತಲೇಗೆ ಹೋಗಲ್ಲ ಇವ್ರೇ. ಮೈಯೆಲ್ಲ ಕಟ್ಟಿ ಹಾಕುತ್ತೆ, ಬುದ್ಧೀನ ಹಂಗೇ ಬಿಟ್ಬುಡುತ್ತೆ. ಅದೇ ಕಷ್ಟ."

ಕೋಣೆಯ ಹಿಂದೆ ರಸ್ತೆ. ಜಟಕಾದವರು ಕಾಲಲ್ಲಿ ಗಂಟೆ ಒತ್ತುತ್ತಾ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಸಿಸ್ಟರು ಬಿಸಿಲಿಗೆ ತಲೆ ಮೇಲೆ ಟವಲು ಹಾಕಿಕೊಂಡು ರಸ್ತೆಗೆ ಹೋಗಿ ಒಬ್ಬನನ್ನು ನಿಲ್ಲಿಸಿದರು. ನಾನೂ ಜತೆಗಿದ್ದೆ.

"ಈ ಗೋಡೆ ದಾಟೋವರ್ಗೂ ಗಂಟೆ ಬಾರಿಸ್ಬೇಡ ಕಣಪ್ಪ. ಒಳಗೆ ಒಂದು ಹುಡುಗಿ ಇದ್ದಾಳೆ."

"ಗಂಟೆ ಬುಡಿ ಅಮ್ಮಾವ್ರೇ, ಗೊರಸಿನ ಸದ್ದಿಗೆ ಏನ್ ಮಾಡ್ಲಿ? ನೀವೇ ಏಳಿ ಕುದ್ರೆಗೆ, ಮೆತ್ತಗೆ ನಡಿ ಅಂತ."

"ಅದು ಹೇಳಿದ್ರೆ ಕೇಳ್ತಿತ್ತು. ನಿನಗೆ ಹೇಳೋದೇ ಕಷ್ಟ ನೋಡು."

ಅವನು ನಕ್ಕುಬಿಟ್ಟ. ಮಾರನೆಯ ದಿನದಿಂದ ಆ ಕಡೆಯ ಜಟಕಾಗಳು ಗೋಡೆಯ ಉದ್ದಕ್ಕೂ ಗಂಟೆಯಿಲ್ಲದೆ ಹೋದವು. ಅವನೇ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿರಬೇಕು.

ಸಂಬಂಧಿಕರನ್ನು ಆ ಕೋಣೆಗೆ ಬಿಡಬಾರದೆಂದು ನಿಯಮ. ಆದರೆ ಆ ಕೋಣೆಗೂ ಪಕ್ಕದ ವಾರ್ಡಿಗೂ ಹಗಲು ಸರದಿಯಲ್ಲಿ ಇದ್ದವರು ಇವರೊಬ್ಬರೇ. ಮೂರನೆಯ ದಿನ ನನ್ನನ್ನು ಕರೆದು ಗೋಡೆಯ ಬಳಿ ಒಂದು ಸ್ಟೂಲು ತೋರಿಸಿದರು.

"ಕೂತ್ಕೊಳ್ಳೋದೂ ಒಂದು ಕೆಲ್ಸ. ಮಾಡ್ತೀರಾ?"

ಮಾಡುತ್ತೇನೆಂದೆ.

"ಮುಟ್ಟಬಾರದು. ಕೂಗಬಾರದು. ಅಳೋದಿದ್ರೆ ಆಚೆಗೆ. ಎದೆ ಏಳೋದು ಇಳಿಯೋದು ನೋಡ್ತಾ ಇರಬೇಕು. ಸೆಳೆತ ಬಂದ್ರೆ ಈ ದಾರ ಎಳೀಬೇಕು."

ಆ ಕೋಣೆಯಲ್ಲಿ ಕರೆಗಂಟೆ ಇಡುವಂತಿರಲಿಲ್ಲ. ಅದಕ್ಕೆ ಅವರೇ ಒಂದು ದಾರ ಕಟ್ಟಿದ್ದರು. ಬಾಗಿಲ ಮೇಲಿನ ಸಂದಿಯಿಂದ ಅದು ಹೊರಗೆ ವರಾಂಡದಲ್ಲಿದ್ದ ಅವರ ಮೇಜಿನವರೆಗೆ ಹೋಗುತ್ತಿತ್ತು. ಎಳೆದರೆ ಮೇಜಿನ ಮುಂದೆ ಒಂದು ಕೆಂಪು ಬಟ್ಟೆ ಇಳಿಯುತ್ತಿತ್ತು. ಸದ್ದಿಲ್ಲ. ಬಟ್ಟೆ ಇಳಿದ ಕ್ಷಣದಲ್ಲಿ ಅವರು ಒಳಗಿರುತ್ತಿದ್ದರು. ಮೂರು ದಿನದಲ್ಲಿ ನಾನು ಆ ದಾರವನ್ನು ಎಷ್ಟು ಸಲ ಎಳೆದೆನೋ, ಅಷ್ಟೂ ಸಲ ಬಂದರು.

ಆರನೆಯ ದಿನ ಬೆಳಿಗ್ಗೆ ಡಾಕ್ಟರು ನೋಡಿ, "ಇವತ್ತು ದಾಟಿದರೆ ಮುಂದಿನ ಮಾತು" ಎಂದರು. ಅತ್ತೆ ಅದನ್ನು ಕೇಳಿಸಿಕೊಂಡರು. ಅವರ ಸೆರಗಿನ ಗಂಟಿನಲ್ಲಿ ಒಂದು ಸಣ್ಣ ಸೀಸೆ ಇತ್ತು. ಶ್ರೀರಂಗಪಟ್ಟಣದಿಂದ ತರಿಸಿದ ಕಾವೇರಿ ನೀರು, ಅದರಲ್ಲಿ ತುಳಸಿ, ಚಿಟಿಕೆ ಪಚ್ಚಕರ್ಪೂರ.

"ಇದ ಮಡೀಕಳಿ ಅಳಿಯಂದ್ರೇ."

"ಅತ್ತೆ, ಬಾಯಿಗೆ ಏನೂ ಹಾಕಬಾರದು ಅಂದಿದಾರೆ."

"ಬದುಕೋರಿಗೆ ಆ ಮಾತು. ನಾ ಯೋಳ್ತಿರೋದು ಬ್ಯಾರೆ. ಕಟ್ಕೊಂಡೋನ ಕೈಯಿಂದ ಒಂದು ತೊಟ್ಟು ನೀರಿಲ್ದೆ ನನ್ ಮಗ್ಳು ಓಗ್ಬುಟ್ರೆ, ನಾ ನಿಮ್ಮ ಮೊಕ ನೋಡಕಿಲ್ಲ."

ಅವರು ಕೆಟ್ಟವರಲ್ಲ. ನಮ್ಮ ಕಡೆ ಸಾಯುವವರ ಬಾಯಿಗೆ ನೀರು ಬಿಡದೆ ಇರುವುದೆಂದರೆ, ದಾರಿ ಹೊರಟವರನ್ನು ಬಾಗಿಲ ತನಕವೂ ಬಂದು ಕಳಿಸಿಕೊಡದೆ ಇದ್ದ ಹಾಗೆ. ನಾನು ಓದಿದವನು, ಅಳತೆ ಹಿಡಿದು ಕೆಲಸ ಮಾಡುವವನು. ಆದರೂ ಸೀಸೆಯನ್ನು ಜೇಬಿನಲ್ಲಿ ಇಟ್ಟುಕೊಂಡೆ.

ಮಧ್ಯಾಹ್ನ ಎರಡೂವರೆಯ ಮೇಲೆ ಆ ಸೆಳೆತ ಬಂತು. ಅಷ್ಟು ಉದ್ದದ ಸೆಳೆತವನ್ನು ನಾನು ಅದುವರೆಗೆ ಕಂಡಿರಲಿಲ್ಲ. ದಾರ ಎಳೆದೆ. ಯಾರೂ ಬರಲಿಲ್ಲ. ಮತ್ತೆ ಎಳೆದೆ. ಅವಳ ಮುಖ ಕಪ್ಪಿಟ್ಟಿತು. ಎದೆ ಏಳಲಿಲ್ಲ. ಆಮೇಲೆ ಮೈ ಇದ್ದಕ್ಕಿದ್ದಂತೆ ಸಡಿಲವಾಗಿ ಹಾಸಿಗೆಗೆ ಬಿತ್ತು. ಹೋದಳು ಎಂದುಕೊಂಡೆ. ಎದ್ದು ಬಾಗಿಲಿಗೆ ಓಡಬೇಕಾಗಿತ್ತು. ಅದರ ಬದಲು ಸೀಸೆಯ ಬಿರಡೆ ತೆಗೆದೆ. ತುಟಿಯ ಅಂಚಿನಲ್ಲಿ ನೀರು ಬಿಟ್ಟೆ. ಹಲ್ಲಿನ ಸಂದಿಯಲ್ಲಿ ಅದು ಒಳಗೆ ಇಳಿಯುವುದನ್ನು ನೋಡಿದೆ. ಸಾಲದೆಂದು ಇನ್ನೊಂದಿಷ್ಟು ಬಿಟ್ಟೆ.

ಅವಳು ಹೋಗಿರಲಿಲ್ಲ. ಮೊದಲ ಉಸಿರನ್ನು ಎಳೆಯುವ ಹೊತ್ತಿಗೆ ಸರಿಯಾಗಿ ಆ ನೀರು ಗಂಟಲಲ್ಲಿತ್ತು.

ಆಗ ಅವಳಿಂದ ಬಂದ ಸದ್ದನ್ನು ವರ್ಣಿಸುವುದಿಲ್ಲ. ನಾನು ಹೊರಗೆ ಓಡಿ ಕೂಗಿದೆ. ಸಿಸ್ಟರು ವಾರ್ಡಿನ ಆ ತುದಿಯಲ್ಲಿ, ಸಿರಿಂಜು ಕುದಿಸುವ ಕೋಣೆಯಲ್ಲಿದ್ದರು. ಬಂದವರು ಒಂದೇ ನೋಟದಲ್ಲಿ ಸೀಸೆಯನ್ನೂ ನನ್ನ ಕೈಯನ್ನೂ ನೋಡಿದರು. ಬೈಯಲಿಲ್ಲ. ಮಂಚದ ಕಾಲ ಕಡೆಯನ್ನು ಎತ್ತಿ ಅಡಿಗೆ ಇಟ್ಟಿಗೆ ಕೊಟ್ಟರು. ಅವಳನ್ನು ಮಗ್ಗುಲಿಗೆ ತಿರುಗಿಸಿ ರಬ್ಬರ್ ನಳಿಗೆಯನ್ನು ಗಂಟಲಿಗೆ ಇಳಿಸಿದರು.

"ಪಂಪು ಒತ್ತಿ. ಕಾಲಲ್ಲಿ. ನಾನು ಹೇಳೋವರ್ಗೂ ನಿಲ್ಲಿಸ್ಬೇಡಿ."

ಒತ್ತಿದೆ. ಬರಿ ಕಾಲಲ್ಲಿ ಕಬ್ಬಿಣದ ಪೆಡಲು. ಒತ್ತಿದಾಗೊಮ್ಮೆ ಬಿಟ್ಟಾಗೊಮ್ಮೆ ಅದು ಕರಕರ ಎನ್ನುತ್ತಿತ್ತು. ಆರು ದಿನದಿಂದ ಚಿಟಿಕೆ ಸದ್ದಿಗೂ ಹೆದರಿದ್ದವನಿಗೆ ಆ ಕರಕರ ಎದೆಗೆ ಹೊಡೆದ ಹಾಗಾಗುತ್ತಿತ್ತು. ನಡುವೆ ಒಂದು ಸಲ ಸಿಸ್ಟರು ಅವಳ ಒಂದು ಕಿವಿಯ ಹತ್ತಿಯನ್ನು ತೆಗೆದದ್ದು ಕಂಡಿತು. ಬಗ್ಗಿ ಏನೋ ಹೇಳಿದರು. ಹತ್ತಿಯನ್ನು ವಾಪಸು ಇಡಲಿಲ್ಲ. ಯಾಕೆಂದು ತಿಳಿಯಲಿಲ್ಲ, ಕೇಳುವ ಸ್ಥಿತಿಯೂ ನನ್ನದಲ್ಲ. ಎಷ್ಟೋ ಹೊತ್ತಿನ ಮೇಲೆ ಅವಳ ತುಟಿಗೆ ಬಣ್ಣ ಬಂತು. "ಸಾಕು" ಎಂದರು. ನನ್ನ ಪಾದದಿಂದ ರಕ್ತ ಬರುತ್ತಿದ್ದುದು ಆಮೇಲೆ ಗೊತ್ತಾಯಿತು. ಅವರೇ ಅದನ್ನು ತೊಳೆದರು. ನನಗೂ ಸೀರಮ್ಮಿನ ಚುಚ್ಚುಮದ್ದು ಕೊಡಿಸಿದರು.

ವರಾಂಡದ ಮೇಜಿನ ಮುಂದೆ ಕೂತು ರೋಗಿಯ ಹಾಳೆ ತೆಗೆದರು.

"ನೀರು ಎಷ್ಟು ಹೋಯ್ತು?"

"ಸ್ವಲ್ಪ."

"ಸ್ವಲ್ಪ ಅಂತ ಬರೆಯಕ್ಕಾಗಲ್ಲ. ಒಂದು ಚಮಚವಾ, ಎರಡಾ?"

"ಎರಡು."

ಬರೆಯತೊಡಗಿದರು. ನಾನು ಮೇಜಿನ ಅಂಚು ಹಿಡಿದುಕೊಂಡು, "ಸಿಸ್ಟರ್, ಬರೀಬೇಡಿ" ಎಂದೆ. "ನನ್ನ ಒಳಗೆ ಕೂರಿಸಿದ್ದು ನೀವು ಅಂತ ಗೊತ್ತಾದ್ರೆ ನಿಮಗೇ ತೊಂದರೆ." ಅವರಿಗಾಗಿ ಹೇಳುತ್ತಿದ್ದೇನೆಂದು ನನಗೆ ನಾನೇ ನಂಬಿಸಿಕೊಂಡಿದ್ದೆ. ಹೆಂಡತಿಗೆ ಗೊತ್ತಾಗಬಾರದು ಎಂಬುದೇ ಒಳಗಿನ ಮಾತು.

ಅವರು ಪೆನ್ನು ಕೆಳಗಿಡಲಿಲ್ಲ. "ಸಂಜೆ ನನ್ನ ಕೆಲ್ಸ ಮುಗಿಯುತ್ತೆ. ಜ್ವರ ಬಂದೇ ಬರುತ್ತೆ. ಬಂದಾಗ ಇಲ್ಲಿ ಕೂತಿರೋಳು ಬೇರೆಯವಳು. ಯಾಕೆ ಬಂತು ಅಂತ ಅವಳಿಗೆ ಗೊತ್ತಿರಬೇಕಲ್ಲ. ನಿಮ್ಮ ಮಾನ, ನನ್ನ ಮಾನ ಉಳಿಸ್ಕೊಂಡು ಆ ಹುಡುಗೀನ ಕಳ್ಕೊಳ್ಳೋಣ್ವ?"

ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ನನಗೆ ಓದಿ ಹೇಳಿದರು. ಇಂತಿಷ್ಟು ಹೊತ್ತಿಗೆ ದೀರ್ಘ ಸೆಳೆತ. ಗಂಡ ಬಾಯಿಗೆ ಸುಮಾರು ಎರಡು ಚಮಚ ನೀರು ಬಿಟ್ಟಿದ್ದಾರೆ. ನೀರು ಉಸಿರಿನ ದಾರಿಗೆ ಹೋಗಿದೆ. ಗಂಡನನ್ನು ಒಳಗೆ ಕೂರಿಸಿದ್ದು ನಾನು. ಕರೆದಾಗ ನಾನು ಮೇಜಿನ ಬಳಿ ಇರಲಿಲ್ಲ. "ಸರಿಯಾಗಿದೆಯಾ?" ಎಂದು ಕೇಳಿ, ನಾನು ತಲೆಯಾಡಿಸಿದ ಮೇಲೆ ಸಹಿ ಹಾಕಿದರು.

ಕತ್ತಲಾಗುವ ಮೊದಲೇ ಜ್ವರ ಬಂತು. ಸರದಿ ಬದಲಾಗಿತ್ತು. ಬಂದ ಡಾಕ್ಟರು ಹಾಳೆ ಓದಿ, ಎದೆಗೆ ಕೊಳವೆ ಇಟ್ಟು ಕೇಳಿ, ಪೆನಿಸಿಲಿನ್ ಹೆಚ್ಚಿಸಿದರು, ಯಾವ ಮಗ್ಗುಲಿಗೆ ಮಲಗಿಸಬೇಕೆಂದು ಹೇಳಿದರು. ಎಲ್ಲೂ ತಡಕಾಡಲಿಲ್ಲ. ಅವಳು ಆ ದಿನ ದಾಟಿದಳು. ಮರುದಿನವೂ ದಾಟಿದಳು.

ನೀರು ಬಿಟ್ಟ ಮಾರನೆಯ ಬೆಳಿಗ್ಗೆಯೇ ಮೇಟ್ರನ್ ಅವರ ಕೋಣೆಯಲ್ಲಿ ವಿಚಾರಣೆಯಾಯಿತು. ನನ್ನನ್ನೂ ಕರೆದರು. ಹಾಳೆಯಲ್ಲಿ ಇದ್ದುದಕ್ಕಿಂತ ಒಂದು ಮಾತು ಹೆಚ್ಚು ಹೇಳಲು ಸಿಸ್ಟರು ಒಪ್ಪಲಿಲ್ಲ. ವಾರ್ಡಿಗೆ ಒಬ್ಬರೇ ಇದ್ದದ್ದು, ಸಿರಿಂಜು ಕುದಿಸಲು ಬೇರೆ ಜನ ಇಲ್ಲದ್ದು, ಯಾವುದನ್ನೂ ಎತ್ತಲಿಲ್ಲ. ನಾನು ಎತ್ತಿದೆ. ಮೇಟ್ರನ್ ಕೇಳಿಸಿಕೊಂಡರು, ಆದರೆ ನಿಯಮ ನಿಯಮವೇ ಆಯಿತು. ಸಿಸ್ಟರನ್ನು ಅಂದೇ ಹೊರರೋಗಿಗಳ ಗಾಯ ಕಟ್ಟುವ ಕೋಣೆಗೆ ಹಾಕಿದರು. ಆ ವರ್ಷ ಬರಬೇಕಾಗಿದ್ದ ಬಡ್ತಿಯೂ ಹೋಯಿತೆಂದು ಕಾಂಪೌಂಡರು ಹೇಳಿದರು.

ನಾಲ್ಕು ವಾರದ ಮೇಲೆ ನನ್ನ ಹೆಂಡತಿ ಗೋಡೆ ಹಿಡಿದು ನಡೆದಳು. ಬ್ಯಾಂಡೇಜು ಬಿಚ್ಚಿದಾಗ ಬಳೆಗಳೆಲ್ಲ ಇದ್ದವು. ಅತ್ತೆ ನನ್ನನ್ನು ಏನೂ ಕೇಳಲಿಲ್ಲ. ಆ ಸೀಸೆಯ ಮಾತನ್ನು ಸಾಯುವವರೆಗೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೆಂಡತಿಗೆ ಏನೂ ನೆನಪಿಲ್ಲವೆಂದು ನಾನು ತೀರ್ಮಾನಿಸಿಕೊಂಡೆ. ಅವಳು ಆ ದಿನಗಳ ಬಗ್ಗೆ ಬಾಯಿ ಬಿಡದೆ ಇದ್ದದ್ದರಿಂದ ನನಗೆ ಅದು ಅನುಕೂಲವಾಯಿತು.

ಮನೆಗೆ ಕರೆದುಕೊಂಡು ಹೋಗುವ ದಿನ ಗಾಯ ಕಟ್ಟುವ ಕೋಣೆಗೆ ಹೋದೆ. ಸಿಸ್ಟರು ಒಬ್ಬ ಗಾರೆ ಕೆಲಸದವನ ಕಾಲು ತೊಳೆಯುತ್ತಿದ್ದರು. "ಸುಣ್ಣ ಹಚ್ಚಿ ಮುಚ್ಚಿಟ್ಟಿದ್ಯಲ್ಲ ಮಾರಾಯ, ಗಾಯ ಏನು ಉಪ್ಪಿನಕಾಯಿನಾ?" ಎಂದು ಅವನನ್ನು ಗದರುತ್ತಿದ್ದರು. ಚುಚ್ಚುಮದ್ದು ಕೊಡದೆ ಯಾರನ್ನೂ ಅಲ್ಲಿಂದ ಬಿಡುತ್ತಿರಲಿಲ್ಲವೆಂದು ಆಮೇಲೆ ಕೇಳಿದೆ. ನನ್ನನ್ನು ಕಂಡು ಎದ್ದು ಬಂದರು. ನಾನು ಕ್ಷಮೆ ಕೇಳಲು ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ಬೇರೆಯದನ್ನೇ ಕೇಳಿದರು.

"ಅವಳಿಗೆ ಹೇಳಿದ್ರಾ?"

"ಇನ್ನೂ ಇಲ್ಲ."

"ಹೇಳಿ."

ಅದಾದ ಮೇಲೆ ಹತ್ತು ವರ್ಷದಲ್ಲಿ ಅವರನ್ನು ಐದಾರು ಸಲ ಕಂಡಿರಬಹುದು. ಸರಸ್ವತಿಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಒಮ್ಮೆ ಮಾರುಕಟ್ಟೆಯಲ್ಲಿ ವೀಳ್ಯದೆಲೆಯ ಸಾಲಿನಲ್ಲಿ, ಒಮ್ಮೆ ಬಸ್ಸಿನಲ್ಲಿ. ಪ್ರತಿ ಸಲವೂ ಆಮೇಲೆ ಹುಟ್ಟಿದ ನಮ್ಮ ಮಗಳು ಹೇಗಿದ್ದಾಳೆ, ಕಚೇರಿ ಹೇಗಿದೆ ಎಂದು ವಿಚಾರಿಸಿ, ಹೋಗುವಾಗ ಅದೊಂದೇ ಮಾತು: "ಹೇಳಿದ್ರಾ?" ಕೊನೆಯ ಸಲ ನಾನು ಸಿಟ್ಟಿಗೆದ್ದು, "ನೆನಪಿಲ್ಲದೋಳಿಗೆ ಹೇಳಿ ಏನು ಸಿಸ್ಟರ್ ಪ್ರಯೋಜನ?" ಎಂದುಬಿಟ್ಟೆ. ಅವರು ಸೀಟಿನಿಂದ ಎದ್ದರು. "ನೆನಪಿಲ್ಲ ಅಂತ ಅವಳು ಅಂದಳಾ, ನೀವೇ ಅಂದ್ಕೊಂಡ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಸ್ಸಿನಿಂದ ಇಳಿದರು.

ಹೋದ ತಿಂಗಳು ಸುದ್ದಿ ತಿಳಿದು ಇಬ್ಬರೂ ಹೋದೆವು. ಅವರ ಪದ್ಧತಿಯಂತೆ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಬದುಕಿದ್ದಾಗ ಅಷ್ಟು ಹಚ್ಚಿಕೊಂಡದ್ದನ್ನು ನಾನು ನೋಡಿರಲಿಲ್ಲ. ಮನೆಯ ಮುಂದೆ ಬಹಳ ಜನ, ಕಾಲಿಗೋ ಕೈಗೋ ಹಳೆಯ ಗಾಯದ ಕಲೆ ಇದ್ದವರು. ನನ್ನ ಹೆಂಡತಿ ಹತ್ತಿರ ಹೋಗಿ, ಅವರ ಎರಡೂ ಅಂಗೈ ಹಿಡಿದುಕೊಂಡು ನಿಂತಳು. ಹಿಂದಿನವರು ದಾರಿ ಕೇಳುವ ತನಕ ಬಿಡಲಿಲ್ಲ.

ವಿದ್ಯಾರಣ್ಯಪುರಕ್ಕೆ ನಡೆದೇ ಹೊರಟೆವು. ಬಿಸಿಲು ಇಳಿದಿತ್ತು. ಅರ್ಧ ದಾರಿಯಲ್ಲಿ ಅವಳು, "ಒಂದ್ ಮಾತು ರೀ" ಎಂದಳು.

"ಏನು?"

"ಅವತ್ತು ನೀವು ನೀರು ಬಿಟ್ರಲ್ಲ. ಪಚ್ಚಕರ್ಪೂರ ನಾಲಿಗೆಗೆ ತಗುಲ್ತು. ತೀರ್ಥ ಅಂತ ಗೊತ್ತಾಯ್ತು. ಓ, ಇವರು ನನ್ನ ಕಳಿಸ್ಬುಟ್ರು, ಇನ್ನು ನಾನು ಒಬ್ಬಳೇ ಅಂದ್ಕೊಂಡೆ. ಉಸಿರು ಎಳೆಯೋದು ಬೇಡ ಅನ್ನಿಸ್ತು ರೀ. ನಿಜವಾಗ್ಲೂ ಬೇಡ ಅನ್ನಿಸ್ತು."

ನಾನು ನಿಂತುಬಿಟ್ಟೆ. ಅವಳು ನಿಲ್ಲಲಿಲ್ಲ. ಹಿಂದೆಯೇ ಹೋದೆ.

"ಆಗ ಅವರು ಕಿವಿಯಿಂದ ಹತ್ತಿ ತೆಗೆದ್ರು. 'ನಿನ್ನ ಯಜಮಾನ್ರು ನೀನು ಹೋದೆ ಅಂದ್ಕೊಂಡ್ರು ಕಣಮ್ಮ, ತಪ್ಪು ತಿಳ್ಕೊಂಡ್ರು. ಈಗ ಕರಕರ ಅಂತ ಸದ್ದು ಬರ್ತಿದೆಯಲ್ಲ, ಅದು ಅವರದೇ ಕಾಲು. ನಿನ್ನ ಉಸಿರಿಗೆ ಅವರೇ ಒತ್ತುತಾ ಇದ್ದಾರೆ. ಅದನ್ನೇ ಕೇಳ್ತಾ ಇರು' ಅಂದ್ರು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೇಳ್ತಾ ಇದ್ದೆ ರೀ. ನಿಲ್ಲುತ್ತೇನೋ ಅಂತ ಭಯ ಆಗ್ತಿತ್ತು. ನಿಲ್ಲಲಿಲ್ಲ."

ಹತ್ತು ವರ್ಷ ಅವಳು ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಆಸ್ಪತ್ರೇಲಿ ಒಂದಿನ ನನ್ನ ನೋಡಕ್ಕೆ ಬಂದಾಗ, ನೀವಾಗೇ ಹೇಳ್ತೀರ, ಕಾಯ್ತಾ ಇರು, ಅಂದಿದ್ರು ಅವರು."

ಅವಳಿಗೆ ಎಲ್ಲ ತಿಳಿದಿತ್ತು. ಆದರೂ ಹೇಳಿದೆ. ಅತ್ತೆ ಸೀಸೆ ಕೊಟ್ಟದ್ದರಿಂದ ಹಿಡಿದು, ಬಾಗಿಲಿಗೆ ಓಡದೆ ಬಿರಡೆ ತೆಗೆದದ್ದು, ಸಾಲದೆಂದು ಎರಡನೆಯ ಸಲ ಬಿಟ್ಟದ್ದು, ಬರೆಯಬೇಡಿ ಎಂದು ಬೇಡಿಕೊಂಡದ್ದು, ಅದು ಯಾರಿಗೋಸ್ಕರ ಎಂಬುದು, ಒಂದನ್ನೂ ಬಿಡದೆ ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ಮನೆ ಬಂದಿತ್ತು.